ಯಾರ ಮೂಳೆ, ಯಾರ ಸಹಿ

ಕಳೆದ ವಾರ ನಾನು ವಿಜಯನಗರದ ಒಬ್ಬ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಬಾಯಿ ಅಗಲಿಸಿಕೊಂಡು ಮಲಗಿದ್ದೆ. ಡಾಕ್ಟರು ಅಂದರೆ ನನ್ನ ಕಣ್ಣಿಗೆ ಇನ್ನೂ ಹುಡುಗಿ. "ನೋವಾದ್ರೆ ಕೈ ಎತ್ತಿ ಆಂಟಿ" ಎಂದು ಹೇಳಿ ಡ್ರಿಲ್ಲನ್ನು ನನ್ನ ದವಡೆ ಹಲ್ಲಿಗೆ ಒತ್ತಿದಳು. ನೋವೇನೂ ಆಗಲಿಲ್ಲ, ಆದರೆ ಒಂದು ವಾಸನೆ ಬಂತು. ಉಗುರು ಸುಟ್ಟ ಹಾಗೆ, ಅದರ ಜೊತೆಗೆ ಒದ್ದೆ ಸುಣ್ಣದ ಗೋಡೆಯ ಹಾಗೆ. ನಾನು ಕೈ ಎತ್ತಿಬಿಟ್ಟೆ. ಅವಳು ಗಾಬರಿಯಾಗಿ ಯಂತ್ರ ನಿಲ್ಲಿಸಿ "ನೋವಾಯ್ತಾ?" ಅಂದಳು. ಇಲ್ಲವೆಂದು ತಲೆಯಾಡಿಸಿದೆ. "ಮತ್ಯಾಕೆ ಕೈ ಎತ್ತಿದ್ರಿ?" ಹಳೆಯ ಪರಿಚಯದವರು ಬಂದರು, ನಮಸ್ಕಾರ ಹೇಳೋಣ ಅಂತ ಎತ್ತಿದೆ, ಎಂದು ಹೇಳುವ ಆಸೆಯಿತ್ತು. ಬಾಯಲ್ಲಿ ಹತ್ತಿಯೂ ಪೈಪೂ ತುಂಬಿತ್ತು. ಜೀವಮಾನದಲ್ಲಿ ನನ್ನ ಬಾಯಿ ಮುಚ್ಚಿಸಿದವರು ಬಹಳ ಕಡಿಮೆ. ಆ ಹುಡುಗಿ ಬಾಯಿ ತೆರೆಸಿಯೇ ಆ ಕೆಲಸ ಮಾಡಿದಳು.

ಹಲ್ಲನ್ನೋ ಮೂಳೆಯನ್ನೋ ಕೊರೆಯುವಾಗ ಆ ವಾಸನೆ ಬರುತ್ತದೆ. ನಾನು ವರ್ಷಗಟ್ಟಲೆ ಅದನ್ನು ಉಸಿರಾಡಿಕೊಂಡೇ ಸಂಬಳ ತೆಗೆದುಕೊಂಡವಳು. ಎರಡು ಸಾವಿರದ ಐದು, ಆರನೆಯ ಇಸವಿಯ ಸುಮಾರಿಗೆ ರಾಜಾಜಿನಗರದ ಒಂದು ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಜನರೇಟರ್ ಶೆಡ್ಡಿಗೂ ನಡುವೆ, ಒಂದು ಟಿಶ್ಯೂ ಬ್ಯಾಂಕ್ ಇತ್ತು. ರಕ್ತದ ಬ್ಯಾಂಕ್ ನಿಮಗೆ ಗೊತ್ತಲ್ಲ, ಹಾಗೆಯೇ ಇದು ಮೂಳೆ, ಚರ್ಮ, ಪೊರೆಗಳ ಬ್ಯಾಂಕ್. ಹೆರಿಗೆಯಾದ ಮೇಲೆ ಬೀಳುವ ಮಾಸಿನ ಒಳಪೊರೆಯನ್ನು ಬಿಡಿಸಿ, ತೊಳೆದು, ಬಲೆಬಟ್ಟೆಯ ಮೇಲೆ ಹರಡಿ ಒಣಗಿಸಿದರೆ ಸುಟ್ಟಗಾಯಕ್ಕೆ ಅದಕ್ಕಿಂತ ತಂಪಾದ ಹೊದಿಕೆ ಇಲ್ಲ. ಸೊಂಟದ ಕೀಲು ಮುರಿದ ಮುದುಕರಿಗೆ ಲೋಹದ ಗುಂಡು ಕೂರಿಸುವಾಗ ಅವರ ತೊಡೆಮೂಳೆಯ ತುದಿಯ ಗುಂಡನ್ನು ಕತ್ತರಿಸಿ ತೆಗೆಯುತ್ತಾರೆ. ಮದುವೆಮನೆಯ ಲಾಡುವಿನಷ್ಟು ದಪ್ಪ. ಉಳಿದ ಕಡೆ ಅದು ಕಸಕ್ಕೆ ಹೋಗುತ್ತದೆ. ನಮ್ಮಲ್ಲಿ ಅದನ್ನು ತೊಳೆದು, ಪರೀಕ್ಷಿಸಿ, ಡಬ್ಬಿಯೊಳಗೆ ಡಬ್ಬಿ ಇಟ್ಟು, ಮನೆಯ ಫ್ರಿಜ್ಜು ನಾಚುವಂಥ ಚಳಿಯ ಫ್ರೀಜರಿನಲ್ಲಿ ಇಡುತ್ತಿದ್ದೆವು. ಬೇರೆ ಯಾರದೋ ಮೂಳೆ ಟೊಳ್ಳಾಗಿದ್ದರೆ ಇದನ್ನು ಗರಗಸದಲ್ಲಿ ಚೂರುಚೂರು ಮಾಡಿ ಅಲ್ಲಿ ತುಂಬುತ್ತಾರೆ. ಆ ಚೂರಿನ ಆಸರೆಯಲ್ಲಿ ಹೊಸ ಮೂಳೆ ಬೆಳೆಯುತ್ತದೆ. ತೊಳೆಯುವುದು, ಕೊಯ್ಯುವುದು, ಚೀಟಿ ಅಂಟಿಸುವುದು, ಫ್ರೀಜರು ಕಾಯುವುದು ಇಷ್ಟೂ ನನ್ನ ಕೆಲಸ. ನಾನು ಲ್ಯಾಬ್ ಟೆಕ್ನಿಷಿಯನ್.

ಮೂಳೆಯ ಕೆಲಸ ಅಂದಕೂಡಲೇ ಜನರ ಮುಖ ಹೇಗಾಗುತ್ತಿತ್ತೆಂದು ನೀವೇ ಊಹಿಸಿ. ಆಗ ನಮ್ಮ ಮನೆ ಆರ್‌ಪಿಸಿ ಲೇಔಟಿನಲ್ಲಿ. ಅತ್ತೆ ನಮ್ಮ ಜೊತೆಗಿದ್ದರು. ಮೊದಲ ವಾರವೇ ಅವರು ಹಿಂಬಾಗಿಲ ಬಳಿ ಬಕೆಟ್ಟಿನಲ್ಲಿ ನೀರು ತುಂಬಿ, ಚಿಟಿಕೆ ಅರಿಸಿನ ಹಾಕಿ ಇಟ್ಟಿದ್ದರು.

"ಮುಂದಿನ ಬಾಗಿಲಲ್ಲಿ ಬರ್ಬೇಡ ಕಣೇ. ಹಿಂದ್ಗಡೆಯಿಂದ ಬಾ, ಸ್ನಾನ ಮಾಡ್ಕೊಂಡು ಒಳಗೆ ಬಾ."

"ನಾನು ಸಾವಿನ ಮನೆಯಿಂದ ಬರ್ತಾ ಇಲ್ಲ ಅತ್ತೆ. ಕೆಲಸದಿಂದ ಬರ್ತಾ ಇದೀನಿ."

"ಮೂಳೆ ಮುಟ್ಟಿ ಬಂದಿದೀಯಲ್ಲೇ."

"ಆ ಮೂಳೆಯವರು ಮೂರನೇ ಫ್ಲೋರಲ್ಲಿ ಕೂತು ಇಡ್ಲಿ ತಿಂತಾ ಇದಾರೆ. ಅವರಿಗಿಲ್ಲದ ಮೈಲಿಗೆ ನನಗ್ಯಾಕೆ?"

ಮುಂಬಾಗಿಲಿನಿಂದಲೇ ಒಳಗೆ ಹೋದೆ. ಮೂರು ದಿನ ಅತ್ತೆ ಮಾತು ಬಿಟ್ಟರು. ನಾಲ್ಕನೆಯ ದಿನ ಬಿಸಿಲು ಜೋರಾಗಿದ್ದು, ಬೆವರಿ ಬಂದವಳು ಆ ಬಕೆಟ್ಟಿನ ತಣ್ಣೀರು ಕಂಡು ನಾನಾಗಿಯೇ ಹಿಂಬಾಗಿಲಿಗೆ ಹೋಗಿ ಸ್ನಾನ ಮಾಡಿದೆ. ಅತ್ತೆ ಗೆದ್ದ ಮುಖ ಮಾಡಿದರು. ಸೆಕೆಗೆ ಮಾಡಿದ್ದು, ಮೈಲಿಗೆಗಲ್ಲ, ಎಂದು ಗಟ್ಟಿಯಾಗಿ ಹೇಳಿ ಕಾಫಿ ಕೇಳಿದೆ. ಅವರು ಕಾಫಿ ಕೊಟ್ಟರು. ಮೇಲಿನ ಮನೆಯವರು ಮಾತ್ರ ಸಂಕ್ರಾಂತಿಗೆ ನಾನು ಕೊಟ್ಟ ಎಳ್ಳುಬೆಲ್ಲವನ್ನು ಕೊನೆಯವರೆಗೂ ತಿನ್ನಲಿಲ್ಲ. ಕಸದ ಡಬ್ಬಿಯಲ್ಲಿ ಅದರ ಕೊಬ್ಬರಿ ಚೂರು ಕಂಡಿದ್ದೆ. ಮರುವರ್ಷವೂ ಕೊಟ್ಟೆ. ಅದರ ಮರುವರ್ಷವೂ ಕೊಟ್ಟೆ. ತಿನ್ನದಿದ್ದರೆ ಅದು ಅವರ ಕರ್ಮ, ಕೊಡದೆ ತಪ್ಪಿಸಿಕೊಳ್ಳುವುದು ನನಗೆ ಗೊತ್ತಿರಲಿಲ್ಲ.

ಈಗ ನಮ್ಮ ಬ್ಯಾಂಕಿನ ಒಂದು ಕಟ್ಟಳೆಯನ್ನು ಹೇಳಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ಮೂಳೆ ಕೊಟ್ಟವರ ರಕ್ತವನ್ನು ಅಂದೇ ಪರೀಕ್ಷಿಸುತ್ತೇವೆ. ಆದರೆ ಕೆಲವು ಸೋಂಕುಗಳು ಮೈಗೆ ಬಂದ ಹೊಸದರಲ್ಲಿ ಪರೀಕ್ಷೆಗೆ ಸಿಗದೆ ಬಚ್ಚಿಟ್ಟುಕೊಳ್ಳುತ್ತವೆ. ಆದ್ದರಿಂದ ಮೂಳೆಗೆ ಹಳದಿ ಚೀಟಿ ಅಂಟಿಸಿ ಆರು ತಿಂಗಳು ಮೇಲಿನ ಖಾನೆಯಲ್ಲಿ ಕಾಯಿಸಬೇಕು. ಆಮೇಲೆ ಅದೇ ದಾನಿಯ ರಕ್ತವನ್ನು ಎರಡನೆಯ ಸಲ ಪರೀಕ್ಷಿಸಿ, ಎಲ್ಲ ಸರಿಯಿದ್ದರೆ ಟೆಕ್ನಿಷಿಯನ್ ಸಹಿ ಹಾಕಿ, ಹಸಿರು ಚೀಟಿ ಅಂಟಿಸಿ, ಕೆಳಗಿನ ಖಾನೆಗೆ ಇಳಿಸಬೇಕು. ಹಸಿರು ಚೀಟಿಯಿಲ್ಲದೆ ಮೂಳೆ ಹೊರಗೆ ಹೋಗುವಂತಿಲ್ಲ.

ಕಾಗದದ ಮೇಲೆ ಇದು ಎಷ್ಟು ಸುಲಭ! ಆಪರೇಷನ್ ಆಗಿ ಆರು ತಿಂಗಳಾದ ಮೇಲೆ, ಚೆನ್ನಾಗಿ ಓಡಾಡಿಕೊಂಡಿರುವ ಮುದುಕರು ರಕ್ತ ಕೊಡಲು ತಾವಾಗಿ ಮತ್ತೆ ಆಸ್ಪತ್ರೆಗೆ ಬರುತ್ತಾರೆಯೆ? ಹಾಗಾಗಿ ನಾನೇ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಸ್ಕೂಟಿ ಹತ್ತಿ ಅವರನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಬಸವೇಶ್ವರನಗರ, ಗೋವಿಂದರಾಜನಗರ, ಕೆಂಗೇರಿಯವರೆಗೂ ನನ್ನ ರಾಜ್ಯ ಹಬ್ಬಿತ್ತು. ಗೋವಿಂದರಾಜನಗರದಲ್ಲಿ ಒಂದು ಮನೆ ಹುಡುಕುವುದಕ್ಕಿಂತ ಮೂಳೆಯೊಳಗೆ ಸೋಂಕು ಹುಡುಕುವುದು ಸುಲಭ. ಹದಿಮೂರನೇ ಕ್ರಾಸಿನ ಪಕ್ಕ ಆರನೇ ಕ್ರಾಸು ಬರುತ್ತದೆ, ಯಾಕೆ ಅಂತ ಕೇಳಿದರೆ ಅಂಗಡಿಯವನು "ಅದು ಮೊದ್ಲಿಂದ ಹಂಗೇ ಮೇಡಂ" ಅನ್ನುತ್ತಾನೆ. ಬಾಡಿಗೆಯವರು ಮನೆ ಬದಲಿಸಿರುತ್ತಾರೆ. ಸಿಕ್ಕವರಲ್ಲಿ ಅರ್ಧ ಜನ ಉಪ್ಪಿಟ್ಟು ಕೊಟ್ಟು ತೋಳು ಚಾಚುತ್ತಿದ್ದರು, ಇನ್ನರ್ಧ ಜನ ಬಾಗಿಲ ಸಂದಿಯಿಂದಲೇ ನನ್ನನ್ನು ಅಟ್ಟುತ್ತಿದ್ದರು. ಅಟ್ಟಿದವರ ಮನೆಗೆ ಮರುವಾರ ಮತ್ತೆ ಹೋಗುತ್ತಿದ್ದೆ. ನನಗೆ ನಾಚಿಕೆ ಸ್ವಲ್ಪ ಕಡಿಮೆ, ಅದು ಆ ಕೆಲಸಕ್ಕೆ ಬೇಕಾದ ಮುಖ್ಯ ಅರ್ಹತೆ.

ಒಂದು ಮಂಗಳವಾರ ನಮ್ಮ ಇನ್‌ಚಾರ್ಜ್ ಡಾಕ್ಟರು ಒಂದು ಫೈಲು ಹಿಡಿದುಕೊಂಡು ಒಳಗೆ ಬಂದರು. ಶುಕ್ರವಾರ ಬೆಳಿಗ್ಗೆ ಒಂದು ಆಪರೇಷನ್ ಇತ್ತು. ಬಿಜಾಪುರದ ಕಡೆಯಿಂದ ಬಂದು ಪೀಣ್ಯದ ಕಡೆ ಕೂಲಿ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು. ಮೊಣಕಾಲಿನ ಕೆಳಗಿನ ಮೂಳೆ ಒಳಗೇ ಟೊಳ್ಳಾಗಿ, ಕಾಲೂರಿದರೆ ಮುರಿಯುವ ಸ್ಥಿತಿಯಲ್ಲಿತ್ತು. ಒಂದು ಇಡೀ ಗುಂಡು ಬೇಕಿತ್ತು. ಆ ವಾರ ನಮ್ಮ ಹಸಿರು ಖಾನೆ ಖಾಲಿ. ಹಳದಿ ಖಾನೆಯಲ್ಲಿ ಕಾಯುವ ಅವಧಿ ಮುಗಿದಿದ್ದ ಮೂಳೆ ಒಂದೇ ಒಂದು. ಮೂಡಲಪಾಳ್ಯದ ಎಪ್ಪತ್ತು ವರ್ಷದ ಹೊನ್ನಮ್ಮ ಎಂಬವರದು. ಆರು ತಿಂಗಳು ಕಳೆದು ಎಂಟಾಗಿತ್ತು, ಎರಡನೆಯ ರಕ್ತ ಬಂದಿರಲಿಲ್ಲ. ಫೋನ್ ಮಾಡಿದಾಗಲೆಲ್ಲ ಅವರ ಮಗ ಗಂಗಾಧರ "ಬರ್ತೀವಿ ಮೇಡಂ, ಬರ್ತೀವಿ" ಅನ್ನುತ್ತಿದ್ದ.

"ಇದನ್ನೇ ರಿಲೀಸ್ ಮಾಡಿಬಿಡಿ" ಎಂದರು ಇನ್‌ಚಾರ್ಜ್.

"ಎರಡನೇ ಬ್ಲಡ್ ಆಗಿಲ್ಲ ಸಾರ್."

"ಆ ಮುದುಕಿಗೆ ಎಪ್ಪತ್ತು ವರ್ಷ ಕಣಮ್ಮಾ. ಯಾವ ರೋಗ ಎಲ್ಲಿಂದ ಬರುತ್ತೆ? ಸೈನ್ ಹಾಕಿ ಕೊಡಿ, ಬ್ಲಡ್ ಆಮೇಲೆ ತಗೊಂಡ್ರಾಯ್ತು."

"ಅಷ್ಟು ಧೈರ್ಯ ಇದ್ರೆ ನೀವೇ ಹಾಕಿ ಸಾರ್."

ಅವರು ಜೇಬಿನಿಂದ ಪೆನ್ನು ತೆಗೆದರು, ಫೈಲು ತೆರೆದರು, ಒಂದು ಕ್ಷಣ ನೋಡಿದರು, ಮತ್ತೆ ಪೆನ್ನನ್ನು ಜೇಬಿಗೇ ಸಿಕ್ಕಿಸಿದರು. "ಆ ಹುಡುಗಿ ಕಾಲು ಮುರ್ಕೊಂಡ್ರೆ ನೀವೇ ಜವಾಬ್ದಾರಿ. ನಿಮ್ಮ ಕಾಂಟ್ರಾಕ್ಟು ಮಾರ್ಚಿಗೆ ಮುಗಿಯುತ್ತೆ ಅನ್ನೋದು ನೆನಪಿರ್ಲಿ" ಎಂದು ಹೇಳಿ ಹೋದರು. ಕೆಲಸ ಹೋಗುವ ಭಯವಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಒಳಗೊಳಗೆ ಎಂಥ ಹೆಮ್ಮೆ! ಇಡೀ ಆಸ್ಪತ್ರೆಯಲ್ಲಿ ಸತ್ಯವಂತಳು ನಾನೊಬ್ಬಳೇ ಎಂದುಕೊಂಡು ಆ ದಿನ ಮಧ್ಯಾಹ್ನದ ಡಬ್ಬಿಯ ಚಿತ್ರಾನ್ನವನ್ನು ಎರಡು ಪಟ್ಟು ರುಚಿಯಾಗಿ ತಿಂದೆ.

ಬುಧವಾರ ಬೆಳಿಗ್ಗೆ ಮೂಡಲಪಾಳ್ಯಕ್ಕೆ ಹೋದೆ. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಬಾಡಿಗೆ ಮನೆಗಳ ಮೂರು ಮಹಡಿ, ಅದೆಲ್ಲದರ ಹಿಂದೆ ಹಳೆಯ ಹೆಂಚಿನ ಮನೆಯ ಒಂದು ತುಂಡು ಉಳಿದಿತ್ತು. ಅದರ ಜಗುಲಿಯಲ್ಲಿ ಹೊನ್ನಮ್ಮ ವಾಕರನ್ನು ಪಕ್ಕಕ್ಕಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಸಣ್ಣ ಮೈ, ದೊಡ್ಡ ದನಿ. ಗಂಗಾಧರ ಅಂಗಡಿಯಲ್ಲಿದ್ದ. ನಾನು ಅವನನ್ನು ದಾಟಿಕೊಂಡು ನೇರ ಅಜ್ಜಿಯ ಬಳಿಗೆ ಹೋಗಿ, ದಿನವೂ ಹೇಳುವ ಪಾಠವನ್ನು ಒಪ್ಪಿಸಿದೆ. "ಅಜ್ಜಿ, ನೀವು ಆಸ್ಪತ್ರೆಗೆ ದಾನ ಕೊಟ್ಟ ಮೂಳೆ ಇದೆಯಲ್ಲ, ಅದರ ಸಲುವಾಗಿ ಇನ್ನೊಂದು ಸಲ ಸ್ವಲ್ಪ ರಕ್ತ ಬೇಕಿತ್ತು."

ಅವರೆಕಾಯಿ ಸುಲಿಯುವ ಕೈ ನಿಂತಿತು.

"ಏನ್ ಕೊಟ್ಟೆ ಅಂದೆ?"

"ಮೂಳೆ ಅಜ್ಜಿ. ಸೊಂಟದ ಆಪರೇಷನ್ ಆದಾಗ ತೆಗೆದಿದ್ದು."

"ನನ್ ಮೂಳೆ ನಿಮ್ತಾವ ಐತಾ? ಬಿಸಾಕಿದ್ರು ಅಂದ್ನಲ್ಲ ಇವ್ನು! ನಾನ್ಯಾವಾಗವ್ವ ಕೊಟ್ಟೆ?"

ನಿನ್ನೆಯ ಚಿತ್ರಾನ್ನದ ಹೆಮ್ಮೆ ಅಲ್ಲಿಗೇ ಮುಗಿಯಿತು. ಯಾಕೆಂದರೆ ಅವರ ಆಪರೇಷನ್ನಿನ ದಿನ ನನಗೆ ಚೆನ್ನಾಗಿ ನೆನಪಿತ್ತು. ಒಪ್ಪಿಗೆ ಪತ್ರ ಹಿಡಿದುಕೊಂಡು ವಾರ್ಡಿಗೆ ಹೋದವಳು ನಾನೇ. ಅಜ್ಜಿ ಎಚ್ಚರವಾಗಿಯೇ ಮಲಗಿದ್ದರು, ನನ್ನನ್ನು ನೋಡಿ ನಕ್ಕಿದ್ದರು ಕೂಡ. ನಾನು ಅವರನ್ನು ದಾಟಿ ಹೋಗಿ, ಕಾರಿಡಾರಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ ಮಗನ ಮುಂದೆ ಕಾಗದ ಹಿಡಿದಿದ್ದೆ. "ಇಲ್ಲೊಂದು ಸೈನ್ ಹಾಕಿ ಸಾರ್." ಅವನು ಗೋಡೆಗೆ ಒತ್ತಿ ಸಹಿ ಹಾಕಿಕೊಟ್ಟ. ನಮ್ಮಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ವಯಸ್ಸಾದವರು, ಅದರಲ್ಲೂ ಹೆಂಗಸರು, ಹಾಸಿಗೆಯ ಮೇಲೆ ಮಲಗಿದ ಕೂಡಲೇ ಅವರ ಬಾಯಿ, ಕಿವಿ, ಬುದ್ಧಿ ಮೂರೂ ಕಾರಿಡಾರಿನಲ್ಲಿ ನಿಂತ ಗಂಡಸಿಗೆ ವರ್ಗವಾಗಿಬಿಡುತ್ತವೆ. ನಾನು ಹೆಂಗಸಾಗಿಯೂ ಅದನ್ನೇ ಮಾಡಿದ್ದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸಿದರಂತೆ. ನಿನ್ನೆ ಇನ್‌ಚಾರ್ಜ್ ಮುಂದೆ ನಾನು ನೊಣ ತೋರಿಸಿ ಬಂದಿದ್ದೆ.

ಆ ಕ್ಷಣದಲ್ಲಿ ಒಂದು ಸುಳ್ಳು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಸಕ್ಕರೆ ಕಾಯಿಲೆಗೆ ರಕ್ತ ನೋಡಬೇಕು ಅಜ್ಜಿ, ಅಂದಿದ್ದರೆ ಸಾಕಿತ್ತು. ಅಂಗಡಿಯಿಂದ ಎದ್ದು ಬಂದ ಗಂಗಾಧರ ಕಣ್ಣಲ್ಲೇ ಅದನ್ನು ಹೇಳಿಕೊಡುತ್ತಿದ್ದ. ಸುಳ್ಳು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಶುಕ್ರವಾರ ಕಾಯುತ್ತಿದ್ದ ಆ ಹೆಣ್ಣುಮಗಳ ಕಾಲು ಒಂದು ಕಡೆ, ಇಲ್ಲಿ ಕೂತಿದ್ದ ಈ ಮುದುಕಿ ಒಂದು ಕಡೆ. ನಾನು ಜಗುಲಿಯ ಮೇಲೆ ಕೂತು ನಿಜ ಹೇಳಿದೆ.

"ಅಜ್ಜಿ, ನಿಮ್ಮನ್ನ ಕೇಳ್ಬೇಕಿತ್ತು. ನಾನು ಕೇಳ್ಲಿಲ್ಲ. ನಿಮ್ಮ ಮಗನ ಹತ್ರ ಸೈನ್ ತಗೊಂಡೆ. ತಪ್ಪು ನಂದು."

ಹೊನ್ನಮ್ಮ ಮಗನ ಕಡೆ ತಿರುಗಿದರು. "ನನ್ ಮೂಳೆ ಕೊಡಾಕೆ ನೀನ್ಯಾರ್ಲಾ?"

"ಅಮ್ಮ, ಅದು ಬಿಸಾಕೋ ಮೂಳೆ ಕಣಮ್ಮ. ಆಸ್ಪತ್ರೆಯವ್ರು ಕೇಳಿದ್ರು, ಸೈನ್ ಹಾಕ್ದೆ. ಅದನ್ನ ಇಟ್ಕೊಂಡು ಏನ್ ಮಾಡ್ತಿದ್ದೆ ನೀನು?"

"ಏನಾದ್ರೂ ಮಾಡ್ತೀನಿ. ಕೇಳ್ದಾ ನೀನು? ಹೊಲ ಮಾರ್ದಾಗ ಕೇಳ್ಲಿಲ್ಲ. ಹಸ ಮಾರ್ದಾಗ ಕೇಳ್ಲಿಲ್ಲ. ಈಗ ಮೂಳೆನೂ ಕೇಳ್ಲಿಲ್ಲ. ನಾಳೆ ನಾನ್ ಸತ್ರೆ ನಿಮ್ಮಪ್ಪನ ಪಕ್ಕದಾಗೆ ಮಣ್ಣು ಮಾಡ್ತೀರಲ್ಲ, ಒಂದ್ ಮೂಳೆ ಕಮ್ಮಿ ಇಟ್ಕಂಡು ಹೆಂಗ್ಲಾ ಮಲಗ್ಲಿ?"

ಗಂಗಾಧರ ತಲೆ ಕೆರೆದುಕೊಂಡ. ನನ್ನ ಕಡೆ ನೋಡಿ, "ನೋಡಿ ಮೇಡಂ, ಸುಮ್ನೆ ಇರೋ ಮನೇಲಿ ಬೆಂಕಿ ಹಚ್ಚಿದ್ರಿ" ಅಂದ. ನಾನು ಅಜ್ಜಿಯ ಕಡೆಗೇ ಸರಿದು ಕೂತೆ. ಮಾತಾಡಬೇಕಾದವರು ಅಜ್ಜಿ. ಅವರು ಅವರೆಕಾಳಿನ ಮೊರವನ್ನು ಬದಿಗೆ ಸರಿಸಿ ಒಂದೇ ಮಾತು ಹೇಳಿದರು: "ನಾನು ನೋಡ್ಬೇಕು ಅದ್ನ."

ಹೊರಗಿನವರು ನಮ್ಮ ಫ್ರೀಜರ್ ಕೋಣೆಯೊಳಗೆ ಬರುವಂತಿರಲಿಲ್ಲ. ಇನ್‌ಚಾರ್ಜ್ ಅನುಮತಿ ಕೇಳಿದ್ದರೆ ಖಂಡಿತ ಕೊಡುತ್ತಿರಲಿಲ್ಲ, ಹಾಗಾಗಿ ನಾನು ಕೇಳಲಿಲ್ಲ. ಯಾವ ಕಟ್ಟಳೆ ರೋಗಿಯನ್ನು ಕಾಯುತ್ತದೆ, ಯಾವುದು ನಮ್ಮ ಮುಖವನ್ನು ಕಾಯುತ್ತದೆ ಅನ್ನುವುದು ಅಷ್ಟು ವರ್ಷ ಕೆಲಸ ಮಾಡಿದವಳಿಗೆ ಗೊತ್ತಾಗುತ್ತದೆ. ಎರಡನೆಯ ರಕ್ತದ ಕಟ್ಟಳೆಯನ್ನು ನಾನು ಪ್ರಾಣ ಹೋದರೂ ಮುರಿಯುತ್ತಿರಲಿಲ್ಲ. ಫ್ರೀಜರ್ ಕೋಣೆಯ ಈ ಕಟ್ಟಳೆಯನ್ನು ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮುರಿದೆ.

ಅಜ್ಜಿ ಒಗೆದ ಸೀರೆ ಉಟ್ಟು, ಕುಂಕುಮವಿಲ್ಲದ ಹಣೆಗೆ ವಿಭೂತಿ ಎಳೆದುಕೊಂಡು, ಮದುವೆಗೆ ಹೊರಟವರ ಹಾಗೆ ಆಟೋದಲ್ಲಿ ಬಂದಿಳಿದರು. ಗಂಗಾಧರನೂ ಬಂದಿದ್ದ, ಅವನನ್ನು ಬಾಗಿಲ ಹೊರಗೇ ನಿಲ್ಲಿಸಿದೆ. ಅಜ್ಜಿಗೆ ಗೌನು, ಟೋಪಿ, ಕೈಗವಸು ಹಾಕಿದೆ. ಟೋಪಿ ಕಣ್ಣಿನವರೆಗೂ ಇಳಿಯಿತು. ಫ್ರೀಜರಿನ ಬಾಗಿಲು ತೆರೆದಾಗ ಬಿಳಿ ಹೊಗೆ ಹೊರಗೆ ಉರುಳಿತು. ಅವರು ಕೈ ಮುಗಿಯಲು ಹೋಗಿ, ಕೈಗವಸು ನೋಡಿ ಸುಮ್ಮನಾದರು. ಹಳದಿ ಚೀಟಿಯ ಡಬ್ಬಿಯನ್ನು ಹೊರಕ್ಕೆ ತೆಗೆದು, ಮೇಲೆ ಕಟ್ಟಿದ್ದ ಮಂಜನ್ನು ಒರೆಸಿ, ಅವರ ಕಣ್ಣ ಮುಂದೆ ಹಿಡಿದೆ. ಒಳಗೆ ಮಾಸಲು ಬಣ್ಣದ ಗುಂಡು ತಣ್ಣಗೆ ಕೂತಿತ್ತು.

"ಇಷ್ಟೇಯಾ?" ಅಂದರು.

"ಇಷ್ಟೇ ಅಜ್ಜಿ."

"ಏಳು ಹೆತ್ತೆ, ಹುಲ್ಲಿನ ಹೊರೆ ಹೊತ್ತೆ, ಇಲ್ಲಿಂದ ಮಾಗಡಿ ರಸ್ತೆವರ್ಗೂ ತಲೆ ಮೇಲೆ ತರ್ಕಾರಿ ಹೊತ್ಕಂಡ್ ಓಡಾಡ್ದೆ. ಎಲ್ಲಾ ಇದ್ರ ಮೇಲೇನಾ?"

ನೂರಾರು ಗುಂಡುಗಳನ್ನು ತೊಳೆದಿದ್ದೆ, ತೂಗಿದ್ದೆ, ಕೊಯ್ದಿದ್ದೆ. ಅದರ ಮೇಲೆ ಒಬ್ಬರು ನಡೆದಾಡಿದ್ದರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅತ್ತೆಗೆ ದೊಡ್ಡದಾಗಿ ಭಾಷಣ ಬಿಗಿದವಳು ನಾನು. ಅವರಾದರೂ ಅದೊಂದು ಮನುಷ್ಯರ ಮೂಳೆ ಅನ್ನುವುದನ್ನು ಮರೆತಿರಲಿಲ್ಲ.

"ಇದ್ನ ಯಾರಿಗೆ ಹಾಕ್ತೀರ?"

"ಹೇಳೋ ಹಾಗಿಲ್ಲ ಅಜ್ಜಿ."

"ಗಂಡಾ, ಹೆಣ್ಣಾ?"

"ಅದೂ ಹೇಳೋ ಹಾಗಿಲ್ಲ."

"ಮತ್ತೇನ್ ಹೇಳ್ತೀಯವ್ವ ನೀನು?"

"ನಿಮ್ಮ ಬ್ಲಡ್ ಸರಿ ಇದ್ದು, ನೀವು ಕೊಟ್ರೆ, ಒಬ್ರು ಮತ್ತೆ ನಡೀಬಹುದು. ಅಷ್ಟು ಹೇಳ್ತೀನಿ."

"ಕೊಡಾಕಿಲ್ಲ ಅಂದ್ರೆ?"

ಹೊರಗೆ ಕಾಯುತ್ತಿದ್ದ ಶುಕ್ರವಾರ ನನ್ನ ಬೆನ್ನ ಹಿಂದೆ ಬಂದು ನಿಂತ ಹಾಗಾಯಿತು. "ಕೊಡಲ್ಲ ಅಂದ್ರೆ ಯಾರಿಗೂ ಹಾಕಲ್ಲ ಅಜ್ಜಿ. ಬರೆದುಕೊಟ್ರೆ ಸಾಕು. ಯಾರೂ ನಿಮ್ಮನ್ನ ಒತ್ತಾಯ ಮಾಡೋ ಹಾಗಿಲ್ಲ. ಡಾಕ್ಟ್ರೂ ಇಲ್ಲ, ಮಗನೂ ಇಲ್ಲ, ನಾನೂ ಇಲ್ಲ."

"ನಾನು ಬ್ಯಾಡ ಅಂದ್ರೆ ಬ್ಯಾಡವೇಯಾ?"

"ಬೇಡವೇ."

ಅವರು ಬಾಗಿಲ ಗಾಜಿನಾಚೆ ನಿಂತಿದ್ದ ಮಗನನ್ನು ನೋಡಿದರು. ಡಬ್ಬಿಯನ್ನು ನೋಡಿದರು. ಟೋಪಿಯನ್ನು ಹಣೆಯಿಂದ ಮೇಲಕ್ಕೆ ತಳ್ಳಿದರು.

"ಹಂಗಾದ್ರೆ ಕೊಡ್ತೀನಿ. ತಗೋ, ರಕ್ತಾನೂ ತಗೋ. ಆದ್ರೆ ಹೊನ್ನಮ್ಮ ಕೊಟ್ಲು ಅಂತ ಬರಿ. ಗಂಗಾಧರ ಕೊಟ್ಟ ಅಂತ ಇದ್ರೆ ಹೊಡ್ದಾಕು ಅದ್ನ."

ಹೊಸ ಒಪ್ಪಿಗೆ ಪತ್ರ ತಂದು ಹಳೆಯದರ ಮೇಲೆ ಅಡ್ಡಗೆರೆ ಎಳೆದೆ. ಇಂಕ್ ಪ್ಯಾಡ್ ಮುಂದಿಟ್ಟಾಗ ಅವರು ಅದನ್ನು ಬದಿಗೆ ತಳ್ಳಿ ಪೆನ್ನು ಕೇಳಿದರು. ಹಿಂದೆ ಯಾವಾಗಲೋ ರಾತ್ರಿ ಶಾಲೆಯವರು ಊರಿಗೆ ಬಂದಾಗ ಹೆಸರು ಬರೆಯಲು ಕಲಿತಿದ್ದರಂತೆ, ಆಮೇಲೆ ಬರೆಯುವ ಪ್ರಸಂಗವೇ ಬಂದಿರಲಿಲ್ಲವಂತೆ. ನಾಲಿಗೆ ಕಚ್ಚಿಕೊಂಡು, ಮೇಜಿನ ಮೇಲೆ ಬಗ್ಗಿ, ಒಂದೊಂದೇ ಅಕ್ಷರ ಮೂಡಿಸತೊಡಗಿದರು. ಅಷ್ಟು ಹೊತ್ತಿಗೆ ಇನ್‌ಚಾರ್ಜ್ ಡಾಕ್ಟರು ಒಳಗೆ ಬಂದು, ಟೋಪಿ ಹಾಕಿ ಕೂತಿದ್ದ ಹಳ್ಳಿ ಮುದುಕಿಯನ್ನೂ ನನ್ನನ್ನೂ ನೋಡಿ "ಏನ್ರೀ ಇದು? ಯಾರನ್ನ ಕೇಳಿ ಒಳಗೆ ಕರ್ಕೊಂಡು ಬಂದ್ರಿ?" ಎಂದು ಕೂಗಿದರು. ಹೊನ್ನಮ್ಮ ತಲೆ ಎತ್ತಲಿಲ್ಲ. "ವಸಿ ತಡಿಯಪ್ಪ, ಬರೀತಾ ಇವ್ನಿ" ಎಂದರು. ಡಾಕ್ಟರು ತಡೆದರು. ಅವರು ಯಾರ ಮಾತಿಗಾದರೂ ಹಾಗೆ ತಡೆದದ್ದನ್ನು ನಾನು ಮೊದಲ ಸಲ ನೋಡಿದ್ದು.

ಸಂಜೆ ರಕ್ತದ ಫಲಿತಾಂಶ ಬಂತು. ಎಲ್ಲ ಸರಿಯಿತ್ತು. ಏನೋ ಭಯಂಕರ ಸೋಂಕು ಸಿಕ್ಕಿತು, ನಾನು ಒಂದು ಪ್ರಾಣ ಉಳಿಸಿದೆ ಎಂದು ಬರೆದರೆ ನಿಮಗೂ ರೋಮಾಂಚನ, ನನಗೂ ಗೌರವ. ಆದರೆ ಹಾಗಾಗಲಿಲ್ಲ. ಇನ್‌ಚಾರ್ಜ್ "ನೋಡಿದ್ರಾ? ನಾನು ಹೇಳ್ಲಿಲ್ವಾ? ಸುಮ್ನೆ ಇಷ್ಟೆಲ್ಲ ರಾದ್ಧಾಂತ" ಅಂದರು. "ಈಗ ಗೊತ್ತಾಯ್ತು ಸಾರ್. ಮಂಗಳವಾರ ನಿಮಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ" ಅಂದೆ. ಈಗಲೂ ಅದನ್ನೇ ಅನ್ನುತ್ತೇನೆ. ಸಹಿ ಹಾಕಿದೆ, ಹಸಿರು ಚೀಟಿ ಅಂಟಿಸಿದೆ. ಶುಕ್ರವಾರ ಬೆಳಿಗ್ಗೆ ಮೂಳೆ ಆಪರೇಷನ್ ಥಿಯೇಟರಿಗೆ ಹೋಯಿತು. ಆ ಹೆಣ್ಣುಮಗಳನ್ನು ನಾನು ಒಮ್ಮೆಯೂ ನೋಡಲಿಲ್ಲ. ಕೆಲವು ತಿಂಗಳ ಮೇಲೆ ಎಕ್ಸ್‌ರೇ ಒಂದು ನಮ್ಮ ದಾಖಲೆಗೆ ಬಂತು. ಟೊಳ್ಳಿದ್ದ ಜಾಗದಲ್ಲಿ ಬೆಳ್ಳಗೆ ತುಂಬಿಕೊಂಡಿತ್ತು.

ನನಗೆ ಮೆಮೊ ಬಂತು. ಅನುಮತಿಯಿಲ್ಲದೆ ಹೊರಗಿನವರನ್ನು ಒಳಗೆ ಬಿಟ್ಟದ್ದಕ್ಕೆ ಕಾರಣ ಕೇಳಿದ್ದರು. "ಅವರು ಹೊರಗಿನವರಲ್ಲ, ಎಂಟು ತಿಂಗಳಿನಿಂದ ಒಳಗೇ ಇದ್ದವರು" ಎಂದು ಉತ್ತರ ಬರೆದುಕೊಟ್ಟೆ. ಮಾರ್ಚಿಗೆ ನನ್ನ ಕಾಂಟ್ರಾಕ್ಟನ್ನು ಮುಂದುವರಿಸಲಿಲ್ಲ. ಆದರೆ ಅಲ್ಲಿದ್ದ ಉಳಿದ ತಿಂಗಳುಗಳಲ್ಲಿ ನಾನು ಕಾರಿಡಾರಿನಲ್ಲಿ ಒಂದೇ ಒಂದು ಸಹಿಯನ್ನೂ ತೆಗೆದುಕೊಳ್ಳಲಿಲ್ಲ. ಎಚ್ಚರವಿದ್ದ ಪ್ರತಿಯೊಬ್ಬ ಮುದುಕಿಯ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಇದು ನಿಮ್ಮ ಮೂಳೆ, ಹೀಗೆ ಮಾಡುತ್ತೇವೆ, ಬೇಡ ಅಂದರೆ ಬೇಡ ಎಂದು ಹೇಳಿದೆ. ಮೂವರು ಬೇಡ ಅಂದರು. ಮೂರು ಗುಂಡು ಹೋಯಿತು. ಹೋಗಲಿ. ಆ ಕೆಲಸ ಹೋದದ್ದಕ್ಕೆ ನಾನು ಅತ್ತದ್ದು ನಿಜ, ಪಶ್ಚಾತ್ತಾಪ ಮಾತ್ರ ಆವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಗಂಗಾಧರನ ಮೇಲಿನ ಸಿಟ್ಟು ಮಾತ್ರ ಬಹಳ ವರ್ಷ ಉಳಿಯಿತು. ಎಂಥ ಮಗ ಎಂದು ಎಷ್ಟು ಜನರ ಮುಂದೆ ಆಡಿಕೊಂಡಿದ್ದೇನೋ.

ಹಲ್ಲಿನ ಡಾಕ್ಟರ ವಿಷಯ ಅರ್ಧಕ್ಕೇ ನಿಂತಿತು. ಡ್ರಿಲ್ ಮುಗಿಸಿ ಆ ಹುಡುಗಿ ಹಲ್ಲನ್ನು ಪುಟ್ಟ ಕನ್ನಡಿ ಹಿಡಿದು ಎಲ್ಲ ಕಡೆಯಿಂದ ನೋಡಿ, ಮುಖ ಸಪ್ಪಗೆ ಮಾಡಿಕೊಂಡು ಹೊರಗೆ ಹೋದಳು. ಹೊರಗೆ ನನ್ನ ಮಗ ಕೂತಿದ್ದ. ಒಳ್ಳೆಯ ಹುಡುಗ, ಕೆಲಸಕ್ಕೆ ರಜೆ ಹಾಕಿ ನನ್ನನ್ನು ಕರೆದುಕೊಂಡು ಬಂದಿದ್ದ. ಬಾಗಿಲು ಅರ್ಧ ತೆರೆದಿತ್ತು.

"ಬೇರು ಸೀಳಿದೆ ಸಾರ್. ಇವತ್ತೇ ಕಿತ್ತುಬಿಟ್ರೆ ಒಳ್ಳೇದು. ಆಂಟಿಗೆ ಈಗ ಹೇಳೋದು ಬೇಡ, ಟೆನ್ಷನ್ ಮಾಡ್ಕೋತಾರೆ. ಕನ್ಸೆಂಟ್ ಫಾರ್ಮ್‌ಗೆ ನೀವೇ ಸೈನ್ ಹಾಕಿಬಿಡಿ."

"ಸರಿ ಮೇಡಂ. ಎಲ್ಲಿ ಹಾಕ್ಬೇಕು?"

ನಾನು ಎದ್ದೆ. ಕೊರಳಿಗೆ ಪ್ಲಾಸ್ಟಿಕ್ ಬಟ್ಟೆ, ಬಾಯಿ ಅರ್ಧ ಮರಗಟ್ಟಿ ಜೊಲ್ಲು ಸುರಿಯುತ್ತಿತ್ತು. ಹೊರಗೆ ಹೋಗಿ ಮಗನ ಕೈಯಿಂದ ಪೆನ್ನು ಕಿತ್ತುಕೊಂಡೆ. ಅವನು ಬೆಚ್ಚಿಬಿದ್ದು ನನ್ನನ್ನು ನೋಡಿದ. ಆ ಮುಖದಲ್ಲಿ ಕಳ್ಳತನವಿರಲಿಲ್ಲ. "ಯಾಕಮ್ಮಾ? ನಿಂಗೆ ಭಯ ಆಗ್ಬಾರ್ದು ಅಂತ ಅಷ್ಟೇ" ಅಂದ. ಗಂಗಾಧರನೂ ಅಂದು ಕಾರಿಡಾರಿನಲ್ಲಿ ಹೀಗೇ ಅಂದುಕೊಂಡು ಗೋಡೆಗೆ ಕಾಗದ ಒತ್ತಿದ್ದಿರಬಹುದು. ಎಷ್ಟೋ ವರ್ಷ ಬೈದ ಆ ಮನುಷ್ಯನ ಮೇಲಿನ ಸಿಟ್ಟು ಅಲ್ಲೇ, ಆ ಕ್ಲಿನಿಕ್ಕಿನ ಬೆಂಚಿನ ಮುಂದೆ, ಇಳಿದುಹೋಯಿತು. ಪ್ರೀತಿಯಿಂದಲೇ ಹಾಕಿರಬೇಕು, ಪಾಪ. ಪ್ರೀತಿಯಿದ್ದರೂ ಕೇಳಬೇಕು ಕಣಪ್ಪಾ, ಎಂದು ಮಗನಿಗೆ ಹೇಳಲು ಹೋದೆ. ಮರಗಟ್ಟಿದ ಬಾಯಿಂದ ಬುಳುಬುಳು ಅನ್ನುವ ಸದ್ದು ಬಂತು, ಅಷ್ಟೇ. ಕುರ್ಚಿಯ ಮೇಲೆ ಕೂತು ಆ ಫಾರ್ಮನ್ನು ಎರಡೂ ಪುಟ, ಸಣ್ಣ ಅಕ್ಷರವನ್ನೂ ಬಿ‌ಡದೆ, ಓದಿದೆ. ಡಾಕ್ಟರ್ ಹುಡುಗಿ ಕಾದಳು. ಮಗ ಕಾದ. ಓದಿ ಮುಗಿಸಿ, ಸಹಿಯ ಜಾಗದಲ್ಲಿ 'ಇವತ್ತು ಬೇಡ' ಎಂದು ದುಂಡಗೆ ಬರೆದು ಕೊಟ್ಟೆ.

ಇದನ್ನು ಬರೆಯುವಾಗಲೂ ಆ ಹಲ್ಲು ಬಾಯಲ್ಲೇ ಇದೆ. ರಾತ್ರಿಯೆಲ್ಲ ನೋಯುತ್ತದೆ. ಮಗ ಲವಂಗದ ಎಣ್ಣೆ ತಂದುಕೊಟ್ಟು, "ಸೋಮವಾರ ಕೀಳಿಸೋಣ್ವಾ ಅಮ್ಮ?" ಎಂದು ಕೇಳಿದ್ದಾನೆ. ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ.